ಓದಿನಲ್ಲಿ ಮನಸ್ಸಿಲ್ಲದ ಮಗನಿಗೆ ಚಾರ್ಟರ್ ಶಾಲೆ ಆಗಿಬರುತ್ತಾ?

ಕಳೆದ ವರ್ಷ ಜನವರಿಯ ಒಂದು ಭಾನುವಾರ ಸಂಜೆ ಗೆಳತಿಯ ಮನೆಗೆ ಹೋಗಿದ್ದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಅವರ ಮನೆ. ಕಾಫಿ ಲೋಟ ಪಕ್ಕಕ್ಕಿಟ್ಟು ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಮಗನ ಶಾಲೆಯ ಗ್ರೇಡ್ ಪೋರ್ಟಲ್ ತೆರೆದಿತ್ತು. ಹುಡುಗ ಹತ್ತನೇ ತರಗತಿ. ಹೋಂವರ್ಕ್ ಸಾಲುಗಳ ಮುಂದೆ ಕೆಂಪಕ್ಷರದಲ್ಲಿ 'ಮಿಸ್ಸಿಂಗ್' ಅಂತ ಇತ್ತು. ಇಬ್ಬರೂ ಕೂತು ಎಣಿಸಿದೆವು. ಹನ್ನೊಂದು.

"ಇವನನ್ನ ಚಾರ್ಟರ್ ಸ್ಕೂಲಿಗೆ ಹಾಕಿಬಿಡೋಣ ಅಂತಾರೆ ಇವರು. ಅಲ್ಲಿಗೆ ಹೋದ್ರೆ ಸರಿ ಹೋಗ್ತಾನಾ?"

ಹುಡುಗ ಮಹಡಿ ಮೇಲೆ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದ. ಅವನನ್ನು ಇನ್ನೂ ಯಾರೂ ಕೇಳಿರಲಿಲ್ಲ.

ಅಮೆರಿಕದ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲಲ್ಲ. ನಮಗೆ ಇದರ ಅಭ್ಯಾಸ ಊರಿನಿಂದಲೇ ಬಂದಿದೆ. ಹುಡುಗ ಓದುತ್ತಿಲ್ಲ ಅಂದರೆ 'ಹಾಸ್ಟೆಲ್‌ಗೆ ಹಾಕಿ, ದಾರಿಗೆ ಬರ್ತಾನೆ' ಎನ್ನುವ ಮಾವಂದಿರು ಎಲ್ಲರ ಮನೆಯಲ್ಲೂ ಇದ್ದರು. ಇಲ್ಲಿ ಹಾಸ್ಟೆಲ್ ಇಲ್ಲ, ಆ ಜಾಗಕ್ಕೆ ಚಾರ್ಟರ್ ಎನ್ನುವ ಪದ ಬಂದು ಕೂತಿದೆ. ಆದರೆ ಆ ಪದದ ಅರ್ಥ ಬೇರೆಯೇ ಇದೆ. ಅದು ಗೊತ್ತಾಗದೆ ಮಗನ ಎರಡು ವರ್ಷವನ್ನು ಪಣಕ್ಕಿಡಬಾರದು ಅನ್ನೋದು ನನ್ನ ಕಳಕಳಿ.

ಚಾರ್ಟರ್ ಅಂದರೆ ಏನು

ಚಾರ್ಟರ್ ಶಾಲೆ ಖಾಸಗಿ ಶಾಲೆಯಲ್ಲ. ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ಶಾಲೆ. ಫೀಸು ಇಲ್ಲ. ರಾಜ್ಯದ ಪರೀಕ್ಷೆಗಳನ್ನು ಅಲ್ಲಿನ ಮಕ್ಕಳೂ ಬರೆಯಬೇಕು. ವ್ಯತ್ಯಾಸ ಇರುವುದು ನಡೆಸುವವರಲ್ಲಿ. ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಶಾಲಾ ಜಿಲ್ಲೆಯ (ಸ್ಕೂಲ್ ಡಿಸ್ಟ್ರಿಕ್ಟ್) ಬದಲು ಬೇರೊಂದು ಸಂಸ್ಥೆ ಅದನ್ನು ನಡೆಸುತ್ತದೆ. ನಮ್ಮ ಕರ್ನಾಟಕದ ಅನುದಾನಿತ ಶಾಲೆಯನ್ನು ನೆನೆಸಿಕೊಳ್ಳಿ. ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಬೇರೆಯವರದ್ದು. ಸುಮಾರಾಗಿ ಹಾಗೇ. ಆದರೆ ಚಾರ್ಟರ್ ಶಾಲೆಗೆ ಕಾಲಮಿತಿ ಇರುತ್ತದೆ. 'ನಾವು ಹೀಗೆ ಕಲಿಸುತ್ತೇವೆ, ಇಷ್ಟು ಫಲ ತೋರಿಸುತ್ತೇವೆ' ಎಂದು ಸಂಸ್ಥೆ ಒಪ್ಪಂದ ಬರೆದುಕೊಡುತ್ತದೆ. ಆ ಒಪ್ಪಂದಕ್ಕೇ ಚಾರ್ಟರ್ ಅನ್ನುವುದು. ಹೆಚ್ಚಿನ ಕಡೆ ಕೆಲವು ವರ್ಷಕ್ಕೊಮ್ಮೆ ಅದು ನವೀಕರಣಕ್ಕೆ ಬರುತ್ತದೆ. ಮಾತು ಉಳಿಸಿಕೊಳ್ಳದಿದ್ದರೆ ಶಾಲೆಯನ್ನೇ ಮುಚ್ಚಿಸಬಹುದು.

ಇದಕ್ಕೆ ಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಮರು ವರ್ಷ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎನ್ನುವ ಶಾಲೆ ಶುರುವಾಯಿತು. ದೇಶದ ಮೊದಲ ಚಾರ್ಟರ್ ಶಾಲೆ ಅದೇ. ಅದು ಹುಟ್ಟಿದ್ದು ಯಾರಿಗಾಗಿ ಗೊತ್ತಾ? ಶಾಲೆ ಬಿಟ್ಟು ಹೋಗಿದ್ದ ಹುಡುಗ ಹುಡುಗಿಯರಿಗಾಗಿ. ಅಂದರೆ ಓದಿನಿಂದ ಮನಸ್ಸು ಕಿತ್ತುಹೋದ ಮಕ್ಕಳ ಯೋಚನೆ ಈ ಕತೆಯ ಮೊದಲ ಪುಟದಲ್ಲೇ ಇದೆ. ಆಮೇಲೆ ಕತೆ ನೂರು ದಿಕ್ಕಿಗೆ ಹೋಯಿತು. ಈಗ ಸುಮಾರು 37 ಲಕ್ಷ ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದಾರೆ. ಸರ್ಕಾರಿ ಶಾಲೆಯ ನೂರು ಮಕ್ಕಳಲ್ಲಿ ಏಳು ಜನ ಅಂದುಕೊಳ್ಳಿ.

ಒಪ್ಪಂದದ ಹೆಸರೇ ಹೊರತು ಇದು ಪಾಠ ಮಾಡುವ ಪದ್ಧತಿಯ ಹೆಸರಲ್ಲ. ಎಲ್ಲ ಗೊಂದಲ ಶುರುವಾಗುವುದು ಇಲ್ಲೇ. ಅರಿಜೋನದಲ್ಲಿ 1998ರಲ್ಲಿ ಶುರುವಾದ ಬೇಸಿಸ್ ಶಾಲೆಗಳೂ ಚಾರ್ಟರ್. ಅಲ್ಲಿ ಓದಿನ ಭಾರ ಜಾಸ್ತಿ, ಹೈಸ್ಕೂಲ್ ಮುಗಿಸಲು ಎಪಿ ಎನ್ನುವ ಕಾಲೇಜು ಮಟ್ಟದ ಕೋರ್ಸುಗಳನ್ನು ತೆಗೆದುಕೊಳ್ಳಲೇಬೇಕು. 1994ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದ ಕಿಪ್ ಕೂಡ ಚಾರ್ಟರ್. ಬಡ ಮಕ್ಕಳನ್ನು ಕಾಲೇಜು ಮುಟ್ಟಿಸಬೇಕೆಂದು ದೀರ್ಘ ಶಾಲಾ ದಿನ, ಬಿಗಿ ಶಿಸ್ತು ಇಟ್ಟುಕೊಂಡು ಅದು ಹೆಸರು ಮಾಡಿತು. ಸ್ಯಾನ್ ಡಿಯಾಗೊದಲ್ಲಿ 2000ದಲ್ಲಿ ತೆರೆದ ಹೈ ಟೆಕ್ ಹೈ ಇನ್ನೊಂದು ಚಾರ್ಟರ್. ಅಲ್ಲಿ ಮಕ್ಕಳು ತಿಂಗಳುಗಟ್ಟಲೆ ಒಂದು ಪ್ರಾಜೆಕ್ಟ್ ಮಾಡಿ, ಕೊನೆಗೆ ಊರಿನವರ ಮುಂದೆ ಪ್ರದರ್ಶನ ಇಡುತ್ತಾರೆ. ಹನ್ನೊಂದನೇ ತರಗತಿಯವರು ಕಂಪನಿಗಳಲ್ಲೋ ಲ್ಯಾಬುಗಳಲ್ಲೋ ಇಂಟರ್ನ್‌ಶಿಪ್ ಮಾಡುತ್ತಾರೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಓದುವ ಆನ್‌ಲೈನ್ ಶಾಲೆಗಳಲ್ಲೂ ಬಹಳಷ್ಟು ಚಾರ್ಟರ್ ಶಾಲೆಗಳೇ. ಈ ನಾಲ್ಕರಲ್ಲಿ ಒಂದಕ್ಕೊಂದು ಏನು ಸಂಬಂಧ? 'ಹೋಟೆಲ್ ಊಟ ಚೆನ್ನಾಗಿರುತ್ತಾ' ಅಂತ ಕೇಳಿದ ಹಾಗಾಯಿತು. ಯಾವ ಹೋಟೆಲ್ ಅಂತ ಹೇಳಬೇಕಲ್ವಾ?

ಮೊದಲು ಪೋರ್ಟಲ್ ಓದಿ

ಅದಕ್ಕೂ ಮುಂಚೆ ಹಸಿವು ಎಂಥದ್ದು ಅಂತ ನೋಡಬೇಕು. 'ಮೋಟಿವೇಶನ್ ಇಲ್ಲ' ಅನ್ನುವುದು ಜ್ವರ ಅಂದ ಹಾಗೆ. ಕಾಯಿಲೆ ಯಾವುದು ಅಂತ ಅದರಿಂದ ತಿಳಿಯುವುದಿಲ್ಲ.

ಗೆಳತಿಯ ಜೊತೆ ಆವತ್ತು ನಾನು ಮಾಡಿದ್ದು ಇಷ್ಟೇ. ಕೆಂಪು ಸಾಲುಗಳನ್ನು ಬಿಟ್ಟು ಉಳಿದ ಸಾಲುಗಳನ್ನು ನೋಡಿದೆವು. ಗಣಿತದ ಟೆಸ್ಟಿನಲ್ಲಿ 88. ಬಯಾಲಜಿ ಟೆಸ್ಟಿನಲ್ಲಿ 91. ಹೋಂವರ್ಕ್ ಸೊನ್ನೆ, ಸೊನ್ನೆ, ಸೊನ್ನೆ. ಪಾಠ ತಲೆಗೆ ಹತ್ತುತ್ತಿದೆ, ಕೆಲಸ ಮುಗಿಸಿ ಕೊಡುತ್ತಿಲ್ಲ. ಇದು ಒಂದು ಬಗೆ. ಬೇಸರ ಇರಬಹುದು, ನಿದ್ದೆ ಸಾಲದೇ ಇರಬಹುದು, 'ಇದನ್ನು ಮಾಡಿ ಏನಾಗಬೇಕು' ಅನ್ನಿಸಿರಬಹುದು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಕೂಡ ಇರಬಹುದು. ಎಡಿಎಚ್‌ಡಿ ಇರುವ ಮಕ್ಕಳೆಲ್ಲ ಓಡಾಡುತ್ತಾ ಗಲಾಟೆ ಮಾಡುವುದಿಲ್ಲ. ಸುಮ್ಮನೆ ಕಿಟಕಿ ನೋಡುತ್ತಾ ಕೂರುವ, ಮಾಡಿದ ಹೋಂವರ್ಕನ್ನೇ ಬ್ಯಾಗಿನಲ್ಲಿ ಮರೆತು ಬರುವ ಮಕ್ಕಳೂ ಇದ್ದಾರೆ. ಅಂಥವರನ್ನು ಮನೆಯವರೂ ಶಾಲೆಯವರೂ 'ಸೋಮಾರಿ' ಅಂದು ಮುಗಿಸಿಬಿಡುತ್ತಾರೆ.

ಇದಕ್ಕೆ ತಿರುಗಿದ ಬಗೆಯೂ ಇದೆ. ಹೋಂವರ್ಕ್ ಎಲ್ಲ ಕೊಟ್ಟಿದ್ದಾನೆ, ಟೆಸ್ಟಿನಲ್ಲಿ 45. ಆ ಹುಡುಗನಿಗೆ ಮನಸ್ಸಿಲ್ಲ ಅಂತ ಹೇಳಲೇಬಾರದು. ಅವನು ಎಲ್ಲೋ ಹಿಂದೆ, ಭಿನ್ನರಾಶಿ ಕಲಿಯುವಾಗಲೋ ಆಲ್ಜೀಬ್ರಾ ಶುರುವಾದಾಗಲೋ, ದಾರಿ ತಪ್ಪಿದ್ದಾನೆ. ಹೇಳಿಕೊಳ್ಳಲು ನಾಚಿಕೆ. ದಿನಾ ಅರ್ಥವಾಗದ ಪಾಠ ಕೇಳುತ್ತಾ ಕೂತರೆ ದೊಡ್ಡವರಾದ ನಮಗೂ ಮನಸ್ಸು ಹೋಗುತ್ತದೆ.

ಮೂರನೆಯದನ್ನು ನೋಡಿದರೆ ನನಗೆ ನಿಜಕ್ಕೂ ಭಯ. ಯಾವುದೋ ಒಂದು ತಿಂಗಳ ತನಕ ಎಲ್ಲ ಚೆನ್ನಾಗಿತ್ತು, ಆಮೇಲೆ ಎಲ್ಲ ವಿಷಯದಲ್ಲೂ ಒಟ್ಟಿಗೆ ಕುಸಿತ. ಇಷ್ಟದ ಕ್ರಿಕೆಟ್ಟೂ ಬೇಡ, ಊಟವೂ ಬೇಡ. ಇಂಥ ಕಡೆ ಶಾಲೆ ಹುಡುಕುವ ಮೊದಲು ಡಾಕ್ಟರ ಹತ್ತಿರ ಹೋಗಿ. ಹನ್ನೆರಡು ದಾಟಿದ ಎಲ್ಲ ಮಕ್ಕಳನ್ನೂ ಖಿನ್ನತೆಗಾಗಿ ಪರೀಕ್ಷಿಸಬೇಕೆಂದು ಇಲ್ಲಿನ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ಕೇಳಲು ಸಂಕೋಚ ಪಡಬೇಕಾಗಿಲ್ಲ. ಖಿನ್ನತೆಯಲ್ಲಿರುವ ಮಗುವನ್ನು ಗೊತ್ತಿಲ್ಲದ ಮುಖಗಳ ನಡುವೆ, ಹೊಸ ಕಟ್ಟಡದಲ್ಲಿ ಕೂರಿಸಿದರೆ ಕಷ್ಟ ಇಮ್ಮಡಿಯಾಗಬಹುದು.

ನಿದ್ದೆಯ ಬಗ್ಗೆ ಒಂದು ಮಾತು. ಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ಹತ್ತಕ್ಕೆ ಅವರಿಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗಬಾರದು ಎನ್ನುವ ಕಾನೂನು ಬಂದಿದೆ. ದೂರದ ಚಾರ್ಟರ್ ಶಾಲೆಗೆ ಹೋಗಲು ಆರಕ್ಕೇ ಏಳಬೇಕಾದರೆ ಆ ಕಾನೂನಿನ ಲಾಭವನ್ನು ನೀವೇ ಕೈಯಾರೆ ಕಳೆದ ಹಾಗೆ.

ಮನಸ್ಸು ಎಲ್ಲಿಂದ ಬರುತ್ತದೆ ಎನ್ನುವುದರ ಬಗ್ಗೆ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಮಾತು ಸರಳ. ಮನುಷ್ಯನಿಗೆ ಮೂರು ಬೇಕು. ನನ್ನ ಕೆಲಸದಲ್ಲಿ ನನ್ನ ಮಾತೂ ನಡೆಯುತ್ತದೆ ಅನ್ನಿಸಬೇಕು. ಇದು ನನ್ನಿಂದ ಆಗುತ್ತದೆ ಅನ್ನಿಸಬೇಕು. ಇಲ್ಲಿ ನನ್ನವರು ಇದ್ದಾರೆ ಅನ್ನಿಸಬೇಕು. ಮಗನಿಗೆ ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಕಂಡುಕೊಂಡರೆ ಅರ್ಧ ಕೆಲಸ ಆದ ಹಾಗೆ. ಮಾತೇ ನಡೆಯದೆ ಉಸಿರುಗಟ್ಟಿದವನನ್ನು ಇನ್ನೂ ಬಿಗಿಯಾದ ಶಾಲೆಗೆ ಹಾಕಿದರೆ ಉಳಿದಿದ್ದೂ ಹೋಗುತ್ತದೆ. ನನ್ನಿಂದ ಆಗಲ್ಲ ಎಂದು ಕೈಚೆಲ್ಲಿದವನಿಗೆ ಅದೇ ಬಿಗಿ, ಪಕ್ಕದಲ್ಲಿ ಕೂತು ಹೇಳಿಕೊಡುವ ಟೀಚರ್ ಇದ್ದರೆ, ಆಸರೆಯಾಗಬಹುದು.

ಗೆಳತಿಯ ಮಗನ ವಿಷಯದಲ್ಲಿ ಕೆಂಪು ಸಾಲುಗಳು ಶುರುವಾದ ಸಮಯ ಸಿಕ್ಕಿತು. ಒಂಬತ್ತನೇ ತರಗತಿಯ ಅಕ್ಟೋಬರ್. ಡಲ್ಲಾಸಿನಿಂದ ಮನೆ ಬದಲಿಸಿ ಬಂದು ಎರಡು ತಿಂಗಳಾಗಿತ್ತು. 2,600 ಮಕ್ಕಳ ಶಾಲೆ. ಮಧ್ಯಾಹ್ನ ಎಲ್ಲಿ ಊಟ ಮಾಡ್ತೀಯಾ ಎಂದು ಕೇಳಿದಾಗ ಅವನು ಹೇಳಿದ್ದು: "ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ." ಒಂದೂವರೆ ವರ್ಷದಿಂದ, ಒಬ್ಬನೇ. ಗೆಳತಿ ಎದ್ದು ಅಡುಗೆಮನೆಗೆ ಹೋದಳು, ಸ್ವಲ್ಪ ಹೊತ್ತು ಬರಲಿಲ್ಲ.

ಅಂಕಿ ಅಂಶ ಏನು ಹೇಳುತ್ತದೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರ 2023ರಲ್ಲಿ ದೊಡ್ಡ ಅಧ್ಯಯನವೊಂದನ್ನು ಹೊರತಂದಿತು. ಚಾರ್ಟರ್ ಮಕ್ಕಳನ್ನು ಅವರಂಥದ್ದೇ ಹಿನ್ನೆಲೆಯ ಸಾಮಾನ್ಯ ಸರ್ಕಾರಿ ಶಾಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. ಚಾರ್ಟರ್ ಮಕ್ಕಳು ವರ್ಷಕ್ಕೆ ಇಂಗ್ಲಿಷ್ ಓದಿನಲ್ಲಿ ಸರಾಸರಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿತಿದ್ದರು. 180 ದಿನದ ಶಾಲಾ ವರ್ಷದಲ್ಲಿ ಇದು ಸಣ್ಣ ಮುನ್ನಡೆ. ಸರಾಸರಿಯ ಹಿಂದೆ ಬಹಳ ಒಳ್ಳೆಯ ಶಾಲೆಗಳೂ ಇವೆ, ಬಹಳ ಕೆಟ್ಟವೂ ಇವೆ.

ಮ್ಯಾಸಚೂಸೆಟ್ಸ್‌ನಲ್ಲಿ ಅರ್ಥಶಾಸ್ತ್ರಜ್ಞರು ಇನ್ನೂ ಜಾಣತನದ ದಾರಿ ಹಿಡಿದರು. ಸೀಟಿಗಿಂತ ಅರ್ಜಿ ಜಾಸ್ತಿಯಾದರೆ ಚಾರ್ಟರ್ ಶಾಲೆ ಲಾಟರಿ ಎತ್ತುತ್ತದೆ. ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದರೆ ಶಾಲೆಯ ಕೆಲಸ ಎಷ್ಟು ಎಂದು ತಿಳಿಯುತ್ತದೆ, ಯಾಕೆಂದರೆ ಎರಡೂ ಕಡೆಯ ತಂದೆತಾಯಿಯರ ಆಸೆ ಒಂದೇ. ಬಾಸ್ಟನ್ ನಗರದ ಚಾರ್ಟರ್‌ಗಳಲ್ಲಿ ಗೆದ್ದವರ ಅಂಕಗಳು ಗಣನೀಯವಾಗಿ ಏರಿದವು. ನಗರದಾಚೆಯ ಚಾರ್ಟರ್‌ಗಳಲ್ಲಿ ಅಂಥ ಲಾಭ ಕಾಣಲಿಲ್ಲ. ನಮ್ಮವರು ಹೆಚ್ಚಾಗಿ ಇರುವುದು ಒಳ್ಳೆಯ ಶಾಲಾ ಜಿಲ್ಲೆ ನೋಡಿಯೇ ಮನೆ ಕೊಂಡ ಹೊರವಲಯಗಳಲ್ಲಿ. ಆದ್ದರಿಂದ 'ಚಾರ್ಟರ್ ಅಂದ್ರೆ ಜಾಸ್ತಿ ಕಲೀತಾರೆ' ಎನ್ನುವ ಮಾತು ನಮ್ಮ ಮನೆಗೆ ಅನ್ವಯಿಸದೆಯೂ ಇರಬಹುದು.

ಆನ್‌ಲೈನ್ ಚಾರ್ಟರ್ ವಿಷಯಕ್ಕೆ ಬಂದರೆ ನಾನು ಖಡಾಖಂಡಿತ. ಅದೇ 2023ರ ಅಧ್ಯಯನದಲ್ಲಿ ಆನ್‌ಲೈನ್ ಚಾರ್ಟರ್ ಮಕ್ಕಳು ಇಂಗ್ಲಿಷ್ ಓದಿನಲ್ಲಿ 58 ದಿನ, ಗಣಿತದಲ್ಲಿ 124 ದಿನದಷ್ಟು ಹಿಂದೆ ಬಿದ್ದಿದ್ದರು. ಗಣಿತದಲ್ಲಿ ವರ್ಷದ ಮೂರರಲ್ಲಿ ಎರಡು ಪಾಲು! ಮನೆಯಲ್ಲಿ ಜಗಳ ಮಾಡಿ ಮಾಡಿ ಸುಸ್ತಾದ ತಾಯಿಗೆ ಆನ್‌ಲೈನ್ ಶಾಲೆ ಹಿತವಾಗಿ ಕಾಣುತ್ತದೆ. ಬೆಳಿಗ್ಗೆ ಎಬ್ಬಿಸುವ ಗೋಳಿಲ್ಲ, 'ಅವನ ವೇಗದಲ್ಲಿ ಕಲೀತಾನೆ' ಎನ್ನುವ ಜಾಹೀರಾತು ಬೇರೆ. ಆದರೆ ತಾನಾಗಿ ಎದ್ದು, ತಾನಾಗಿ ಕೂತು, ತಾನಾಗಿ ಮುಗಿಸುವ ಹುಡುಗನಿಗೆ ಮಾಡಿದ ವ್ಯವಸ್ಥೆ ಅದು. ನಿಮ್ಮ ಮಗನ ಹತ್ತಿರ ಇಲ್ಲದಿರುವುದು ಅದೇ ಅಲ್ವಾ? ಕಾಯಿಲೆ, ಕಿರುಕುಳ, ದೊಡ್ಡ ಮಟ್ಟದ ಕ್ರೀಡೆ ಅಂಥ ಗಟ್ಟಿ ಕಾರಣ ಇದ್ದು, ಹಗಲು ಮನೆಯಲ್ಲಿ ದೊಡ್ಡವರೊಬ್ಬರು ಜೊತೆಗಿದ್ದರೆ ಮಾತು ಬೇರೆ. ಇಲ್ಲವಾದರೆ ಬೇಡ. ಒಹಾಯೊದಲ್ಲಿ ಇಕಾಟ್ ಎಂಬ ದೊಡ್ಡ ಆನ್‌ಲೈನ್ ಚಾರ್ಟರ್ 2018ರ ಜನವರಿಯಲ್ಲಿ, ವರ್ಷದ ನಡುವೆಯೇ, ಮುಚ್ಚಿತು. ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು.

ಹೋಗಿ ನೋಡಿ, ಅವನನ್ನೂ ಕರೆದುಕೊಂಡು ಹೋಗಿ

ವೆಬ್‌ಸೈಟಿನ ಫೋಟೋಗಳಲ್ಲಿ ಎಲ್ಲ ಮಕ್ಕಳೂ ನಗುತ್ತಿರುತ್ತಾರೆ. ಶಾಲೆಗೆ ಹೋದಾಗ ಕೊನೆಯ ಸಾಲಿನಲ್ಲಿ ಕೂತವನನ್ನು ನೋಡಿ. ಅವನ ಹತ್ತಿರ ಟೀಚರ್ ಎಷ್ಟು ಸಲ ಬರುತ್ತಾರೆ? ಮುಂದಿನ ಸಾಲಿನ ಜಾಣರು ಎಲ್ಲ ಶಾಲೆಯಲ್ಲೂ ಚೆನ್ನಾಗಿಯೇ ಇರುತ್ತಾರೆ, ನಮಗೆ ಬೇಕಾಗಿರುವುದು ಕೊನೆಯ ಸಾಲಿನವನ ಸುದ್ದಿ.

ಕೇಳಬೇಕಾದ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು: ಹುಡುಗ ಹೋಂವರ್ಕ್ ಕೊಡದಿದ್ದರೆ ಎಷ್ಟನೇ ದಿನಕ್ಕೆ, ಯಾರು, ಅವನನ್ನು ಮಾತನಾಡಿಸುತ್ತಾರೆ? ಹೆಸರು ಹಿಡಿದು ಉತ್ತರ ಹೇಳಿದರೆ ಒಳ್ಳೆಯದು. 'ನಮ್ಮಲ್ಲಿ ಮಕ್ಕಳೇ ಜವಾಬ್ದಾರಿ ತಗೋತಾರೆ' ಎಂದು ಹೇಳಿ ಮುಂದೆ ಹೋದರೆ ಅಲ್ಲಿ ಅಂಥ ಏರ್ಪಾಟು ಇಲ್ಲ ಎಂದುಕೊಳ್ಳಿ. ಕೆಲವು ಸಣ್ಣ ಚಾರ್ಟರ್‌ಗಳಲ್ಲಿ 'ಅಡ್ವೈಸರಿ' ಎನ್ನುವ ಪದ್ಧತಿ ಇದೆ. ಹದಿನೈದಿಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್, ವರ್ಷ ವರ್ಷಕ್ಕೂ ಅವರೇ ಮುಂದುವರಿಯುತ್ತಾರೆ. ಒಂಟಿಯಾದ ಮಗುವಿಗೆ ಇದು ದೊಡ್ಡ ವಿಷಯ. ಜೊತೆಗೆ ಕಳೆದ ವರ್ಷದ ಟೀಚರುಗಳಲ್ಲಿ ಎಷ್ಟು ಜನ ಉಳಿದಿದ್ದಾರೆ, ಒಂಬತ್ತಕ್ಕೆ ಸೇರಿದವರಲ್ಲಿ ಎಷ್ಟು ಜನ ಇಲ್ಲೇ ಹನ್ನೆರಡು ಮುಗಿಸುತ್ತಾರೆ, ಒಪ್ಪಂದದ ನವೀಕರಣ ಯಾವಾಗ ಎಂದೂ ಕೇಳಿ.

ಕಲಿಕೆಯ ತೊಂದರೆಯೋ ಅಂಗವೈಕಲ್ಯವೋ ಇರುವ ಮಕ್ಕಳಿಗೆ ಶಾಲೆ ಬರೆದುಕೊಡುವ ನೆರವಿನ ಯೋಜನೆಗಳಿಗೆ ಐಇಪಿ, 504 ಪ್ಲಾನ್ ಅನ್ನುತ್ತಾರೆ. ಅವು ಇರುವ ಮಕ್ಕಳ ಹಕ್ಕು ಚಾರ್ಟರ್ ಶಾಲೆಯಲ್ಲೂ ಪೂರ್ತಿ ಇರುತ್ತದೆ. 'ನಮ್ಮ ಶಾಲೆ ಇಂಥ ಮಕ್ಕಳಿಗೆ ಹೊಂದೋದಿಲ್ಲ' ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಅದು ಸಲಹೆಯಲ್ಲ, ಕಾನೂನು ಮೀರುವ ಮಾತು. ಎಡಿಎಚ್‌ಡಿಯೋ ಕಲಿಕೆಯ ತೊಂದರೆಯೋ ಇರಬಹುದು ಎಂಬ ಅನುಮಾನವಿದ್ದರೆ ಶಾಲೆ ಬದಲಿಸುವ ಮೊದಲೇ, ಈಗಿರುವ ಶಾಲೆಗೆ ಬರಹದಲ್ಲಿ ಮನವಿ ಕೊಡಿ. ಪರೀಕ್ಷೆ ಮಾಡಲು ಒಪ್ಪಿದರೆ ಅದಕ್ಕೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಒಪ್ಪದಿದ್ದರೆ ಯಾಕೆ ಎಂದು ಬರಹದಲ್ಲೇ ತಿಳಿಸಬೇಕು.

ಬಸ್ಸು, ಕ್ರೀಡೆ, ಬ್ಯಾಂಡು, ಇವೆಲ್ಲ ಎಲ್ಲ ಚಾರ್ಟರ್‌ಗಳಲ್ಲೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದವರು ಇನ್ನೊಂದು ನೋಡಿಕೊಳ್ಳಬೇಕು. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಿಗೆ ಹೋಗಲು ಎ-ಜಿ ಎಂದು ಕರೆಯುವ 15 ಕೋರ್ಸುಗಳು 'ಸಿ' ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿದಿರಬೇಕು. ಶಾಲೆಯ ಕೋರ್ಸುಗಳು ಆ ಪಟ್ಟಿಯಲ್ಲಿ ಇವೆಯಾ ಎಂದು ನೋಡಿ. 'ಡಿ' ಬಂದರೆ ಶಾಲೆಯಲ್ಲಿ ಪಾಸಾಗಬಹುದು, ಯುಸಿಗೆ ನಡೆಯುವುದಿಲ್ಲ.

ಇನ್ನು ಹುಡುಗ. ಬಹಳ ಶಾಲೆಗಳಲ್ಲಿ 'ಶ್ಯಾಡೋ ಡೇ' ಇರುತ್ತದೆ, ಅಲ್ಲಿನ ವಿದ್ಯಾರ್ಥಿಯೊಬ್ಬನ ಜೊತೆ ಒಂದು ದಿನ ಪೂರ್ತಿ ಕಳೆಯಬಹುದು. ಅವನನ್ನು ಕಳಿಸಿ, ನೀವು ಬರಬೇಡಿ. ಹೊರಗೆ ಬಂದ ಕೂಡಲೇ 'ಹೇಗಿತ್ತು' ಎಂದು ಮೇಲೆ ಬೀಳಬೇಡಿ. ಅವನು ಬೇಡ ಎಂದರೆ ಆ ಶಾಲೆ ಬೇಡ. ಮೊದಲ ದಿನದಿಂದಲೇ 'ನನ್ನನ್ನು ಇಲ್ಲಿಗೆ ತಂದು ಹಾಕಿದರು' ಎನ್ನುವ ಹುಡುಗನಿಗೆ ಯಾವ ಟೀಚರೂ ಮನಸ್ಸು ತುಂಬಲಾರರು. ಹದಿನೈದು ವರ್ಷದವನಿಗೆ ವೀಟೊ ಕೊಡುವುದು ನಮ್ಮ ಮನೆಗಳಲ್ಲಿ ಸುಲಭವಲ್ಲ, ಗೊತ್ತು. ನನಗೂ ಸುಲಭವಾಗಿರಲಿಲ್ಲ.

ಗೆಳತಿಯ ಮಗ 400 ಮಕ್ಕಳ ಒಂದು ಪ್ರಾಜೆಕ್ಟ್ ಶಾಲೆಗೆ ಶ್ಯಾಡೋ ಡೇಗೆ ಹೋಗಿ ಬಂದ. ಕಾರಿನಲ್ಲಿ ಅರ್ಧ ದಾರಿ ಮಾತಿಲ್ಲ. ಆಮೇಲೆ ತಾನೇ ಹೇಳಿದ. ಜೊತೆಗಿದ್ದ ಹುಡುಗನನ್ನು ಅವನು ಕೇಳಿದ್ದನಂತೆ, ಕೆಲಸ ಮುಗಿಸದಿದ್ದರೆ ಇಲ್ಲಿ ಏನು ಮಾಡ್ತಾರೆ ಅಂತ. "ಊಟದ ಹೊತ್ತಲ್ಲಿ ಟೀಚರ್ ಬಂದು ಪಕ್ಕದಲ್ಲೇ ಕೂತ್ಕೋತಾರಂತೆ. ತುಂಬಾ ಕಿರಿಕಿರಿ ಅಂತೆ." ಸ್ವಲ್ಪ ಹೊತ್ತು ಬಿಟ್ಟು, "ಅರ್ಜಿ ಹಾಕು ಅಮ್ಮ" ಅಂದ.

ಲಾಟರಿಯಲ್ಲಿ ಹೆಸರು ಬರಲಿಲ್ಲ. ಕಾಯುವ ಪಟ್ಟಿಯಲ್ಲಿ 23ನೇ ನಂಬರ್. ಇಲ್ಲಿ ಬಹಳ ಮನೆಗಳು ಕೈಬಿಡುತ್ತವೆ, ಬಿಡಬೇಡಿ. ಬೇಸಿಗೆಯಲ್ಲಿ ಜನ ಊರು ಬದಲಿಸುತ್ತಾರೆ, ಪಟ್ಟಿ ಸರಿಯುತ್ತದೆ. ಫೋನ್ ಬಂದರೆ ಉತ್ತರಿಸಲು ಒಂದೆರಡು ದಿನ ಮಾತ್ರ ಕೊಡುವ ಶಾಲೆಗಳಿವೆ, ಆದ್ದರಿಂದ ಮನೆಯೊಳಗಿನ ಮಾತುಕತೆ ಮೊದಲೇ ಮುಗಿದಿರಬೇಕು. ಹೊಸ ಸೀಟು ಬರಹದಲ್ಲಿ ಖಚಿತವಾಗುವವರೆಗೆ ಹಳೆಯ ಶಾಲೆಯ ಹೆಸರು ತೆಗೆಸಬೇಡಿ. ಹೋಗಿ ಸರಿಬರದಿದ್ದರೆ ವಾಪಸ್ ಬರಬಹುದು, ನಿಮ್ಮ ವಿಳಾಸದ ಜಿಲ್ಲೆ ಅವನಿಗೆ ಜಾಗ ಕೊಡಲೇಬೇಕು. ಆದರೆ ಅದೇ ಶಾಲೆ, ಅದೇ ಕ್ಲಾಸುಗಳು ಸಿಗುತ್ತವೆ ಎನ್ನುವ ಖಾತ್ರಿಯಿಲ್ಲ. ಕಾಯುವ ತಿಂಗಳುಗಳೂ ಖಾಲಿ ಹೋಗಬೇಕಾಗಿಲ್ಲ. ಇರುವ ಶಾಲೆಯಲ್ಲೇ ಕೌನ್ಸೆಲರನ್ನು (ಮಕ್ಕಳಿಗೆ ಸಲಹೆ ಕೊಡುವವರು) ಕಂಡು ಒಂದು ಭಾರದ ಕೋರ್ಸ್ ಬಿಡಿಸಬಹುದು, ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಇಷ್ಟದ ಒಂದು ಕ್ಲಾಸಿಗೆ ಸೇರಿಸಬಹುದು. ಆ ಹುಡುಗ ಶಾಲೆಯ ನಾಟಕದ ಲೈಟಿಂಗ್ ತಂಡಕ್ಕೆ ಸೇರಿದ. ಅಲ್ಲಿ ಊಟಕ್ಕೆ ಜೊತೆಯಾದ ಇಬ್ಬರು ಸಿಕ್ಕರು.

ಆಗಸ್ಟಿನಲ್ಲಿ, ಶಾಲೆ ಶುರುವಾಗಲು ಎಂಟು ದಿನ ಇರುವಾಗ, ಫೋನ್ ಬಂತು. ಹೋಗ್ತೀಯಾ ಎಂದು ಕೇಳಿದರು. ಒಂದು ರಾತ್ರಿ ಯೋಚನೆ ಮಾಡ್ತೀನಿ ಅಂದ. ಬೆಳಿಗ್ಗೆ ಹೂಂ ಅಂದ. ಈಗ ಅಲ್ಲೇ ಹನ್ನೊಂದನೇ ತರಗತಿಯಲ್ಲಿದ್ದಾನೆ, ಹಳೆಯ ಇಬ್ಬರು ಗೆಳೆಯರು ಶನಿವಾರ ಮನೆಗೆ ಬರುತ್ತಾರೆ. ಮೊನ್ನೆ ಗೆಳತಿ ಪೋರ್ಟಲ್ ತೋರಿಸಿದಳು. ಇಂಗ್ಲಿಷಿನಲ್ಲಿ ಮೂರು ಕೆಂಪು ಸಾಲು ಇದ್ದವು. ಅವಳು ಬಾಯಿ ತೆರೆಯುವ ಮೊದಲೇ ಅವನು ಫ್ರಿಜ್ಜಿನ ಹತ್ತಿರ ನಿಂತು, ಮೊಸರಿನ ಡಬ್ಬಿ ಹುಡುಕುತ್ತಲೇ, ಮೂರು ಯಾವುವು ಅಂತ ಹೇಳಿದ. "ಎರಡು ನಾಳೆ ಕೊಡ್ತೀನಿ. ಒಂದು ಇನ್ನೂ ಅರ್ಥ ಆಗಿಲ್ಲ, ಟೀಚರ್‌ನ ಕೇಳ್ಬೇಕು."